ಹಗ್ಗದ ಮೇಲಿನ ಭಾರ: ಗೂಡೆ, ಕಪಿಲೆ, ಕೊಳವೆಬಾವಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ಕರೆಂಟ್ ಮೋಟರು ಬರುವವರೆಗೆ ಹೊಲಕ್ಕೆ ನೀರು ಏರುತ್ತಿದ್ದುದು ಹೆಚ್ಚಾಗಿ ಗೂಡೆ, ಏತ, ಕಪಿಲೆಗಳಿಂದ. ಉತ್ತರ ಪಿನಾಕಿನಿ, ಪಾಪಾಗ್ನಿ ನದಿಗಳು ನಂದಿಬೆಟ್ಟದ ಸುತ್ತಲೇ ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆ ಇಲ್ಲಿ ಒಂದೂ ಇಲ್ಲ. ಮಳೆನೀರನ್ನು ಕೆರೆ ಹಿಡಿದಿಡುತ್ತಿತ್ತು, ಇಂಗಿದ್ದು ಬಾವಿಗೆ ಒಸರುತ್ತಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಏತ, ಕಪಿಲೆಗಳೆರಡನ್ನೂ 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ.

ಏತ ಸನ್ನೆಗೋಲಿನ ಲೆಕ್ಕ. ಹಗ್ಗದ ಲೆಕ್ಕ ಶುರುವಾಗುವುದು ಗೂಡೆಯಲ್ಲಿ. ಎದುರುಬದುರು ನಿಂತ ಇಬ್ಬರು ನಡುವೆ ಹಗ್ಗಗಳಿಂದ ತೂಗಿದ ಬುಟ್ಟಿಯನ್ನು ನೀರಿಗಿಳಿಸಿ, ಬೀಸಿ, ಮೇಲಿನ ಕಾಲುವೆಗೆ ಚೆಲ್ಲುತ್ತಿದ್ದರು. ಗೂಡೆ 20 ಕಿಲೋ ತೂಗುತ್ತದೆ ಎಂದಿಟ್ಟುಕೊಂಡರೆ, ಹಗ್ಗ ನೆಟ್ಟಗೆ ಇಳಿಬಿದ್ದಾಗ ಒಬ್ಬೊಬ್ಬರ ಪಾಲು 10 ಕಿಲೋ. ಹಗ್ಗ ನೆಲಮಟ್ಟಕ್ಕೆ 30 ಡಿಗ್ರಿ ಓರೆಯಾದರೆ ಒಬ್ಬೊಬ್ಬರೂ 20 ಕಿಲೋದಷ್ಟು ಎಳೆಯಬೇಕು. 10 ಡಿಗ್ರಿಗೆ ಇಳಿದರೆ 57 ಕಿಲೋ ದಾಟುತ್ತದೆ. ಓರೆ ಎಳೆತದಲ್ಲಿ ಭಾರ ಹೊರುವುದು ಮೇಲ್ಮುಖದ ಅಂಶ ಮಾತ್ರ. ಮಿಕ್ಕ ಅಡ್ಡ ಎಳೆತ ಇಬ್ಬರ ನಡುವೆಯೇ ವ್ಯರ್ಥ. ಬೀಸಿನ ವೇಗ ಇದರ ಮೇಲೆ ಇನ್ನಷ್ಟು ಭಾರ ಹಾಕುತ್ತದೆ. ಗೂಡೆ ಆಳದ ಬಾವಿಗೆ ಒಗ್ಗದೆ ಕೆರೆ, ಕುಂಟೆಗಳ ಅಂಚಿನಲ್ಲೇ ಉಳಿದದ್ದು ಸಹಜ.

ಆಳಕ್ಕೆ ಕಪಿಲೆ ಬೇಕಿತ್ತು. ಬಾವಿಯ ಬಾಯಿಗೆ ಎರಡು ಕಂಬ, ನಡುವೆ ಗಾಲಿ, ಮುಂದೆ ಇಳಿಜಾರು ಹಾದಿ. ಎತ್ತುಗಳು ಇಳಿದರೆ ತೊಗಲಿನ ಚೀಲ ಏರುತ್ತದೆ, ಹಿಂದಡಿಯಿಟ್ಟು ಹತ್ತಿದರೆ ಚೀಲ ಇಳಿಯುತ್ತದೆ. ಎತ್ತುಗಳು ಇಳಿಯುವಾಗ ಅವನ್ನು ಹೊಡೆಯುವವನು ಹಗ್ಗದ ಮೇಲೆ ಕೂತುಬಿಡುತ್ತಿದ್ದ. ಅದು ಸೋಮಾರಿತನವಲ್ಲ, ಅವನ ತೂಕದ ಒಂದಂಶ ಇಳಿಜಾರಿನ ಗುಂಟ ಎತ್ತುಗಳಿಗೆ ನೆರವಾಗುತ್ತಿತ್ತು. ಗಾಲಿ ಎಳೆತದ ದಿಕ್ಕನ್ನು ತಿರುಗಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. 100 ಕಿಲೋ ಚೀಲಕ್ಕೆ, ಹಗ್ಗ ಗಾಲಿಯಿಂದ ಮಟ್ಟಸವಾಗಿ ಹೊರಟರೆ ಅಚ್ಚಿನ ಮೇಲೆ 141 ಕಿಲೋ, 30 ಡಿಗ್ರಿ ಕೆಳಮುಖವಾದರೆ 173 ಕಿಲೋ. ಅದೂ ಓರೆಯಾಗಿ, ಇಳಿಜಾರಿನ ಕಡೆಗೆ. ಕಂಬ ಆಳಕ್ಕೆ ಹೂತಿರದಿದ್ದರೆ ವಾಲುತ್ತದೆ.

ಕಪಿಲೆಯ ಜಾಣತನವೆಲ್ಲ ಎರಡನೆಯ, ತೆಳ್ಳನೆಯ ಹಗ್ಗದಲ್ಲಿದೆ. ದಪ್ಪ ಮಿಣಿ ಚೀಲದ ಬಾಯಿಗೆ, ತೆಳುಹಗ್ಗ ಅದರ ಬುಡದ ಸೊಂಡಿಲಿಗೆ. ಎರಡನ್ನೂ ಎಳೆಯುವುದು ಒಂದೇ ನೊಗ. ದಾರಿಯುದ್ದಕ್ಕೂ ಭಾರ ಬಹುಪಾಲು ಮಿಣಿಯದ್ದೇ. ತೆಳುಹಗ್ಗ ಮಡಿಸಿದ ಸೊಂಡಿಲಿನ ತುದಿಯನ್ನು ಚೀಲದ ನೀರಿನ ಮಟ್ಟಕ್ಕಿಂತ ಮೇಲೆ ಹಿಡಿದಿದ್ದರೆ ಸಾಕು. ಸಡಿಲಾದರೆ ನೀರು ಮತ್ತೆ ಬಾವಿಗೇ ಸುರಿಯುತ್ತದೆ. ತೆಳುಹಗ್ಗದ ಉರುಳೆ ಗಾಲಿಗಿಂತ ಕೆಳಗೆ, ನೀರು ಬೀಳುವ ತೊಟ್ಟಿಯ ಅಂಚಿನಲ್ಲಿರುವುದರಿಂದ ಚೀಲ ಮೇಲೆ ಬಂದಾಗ ಸೊಂಡಿಲು ತೊಟ್ಟಿಯತ್ತ ಚಾಚಿಕೊಳ್ಳುತ್ತದೆ, ಚೀಲದ ಬಾಯಿ ಮಾತ್ರ ಇನ್ನೂ ಏರುತ್ತಲೇ ಇರುತ್ತದೆ, ನೀರು ತಾನಾಗಿ ಸುರಿಯುತ್ತದೆ. ಬಾವಿಯ ಬಳಿ ಸುರಿಯಲು ಇನ್ನೊಂದಾಳು ಬೇಡ. ಪಠ್ಯಪುಸ್ತಕದ ಹಗ್ಗಕ್ಕೆ ತೂಕವಿಲ್ಲ, ನೆಂದ ಮಿಣಿಗಿತ್ತು; ಬಾವಿ ಆಳವಾದಷ್ಟೂ ಎತ್ತುಗಳು ಹಗ್ಗವನ್ನೂ ಹೊತ್ತವು.

ಪಂಪ್‌ಸೆಟ್ಟು ಬಂದು ಕಪಿಲೆ ಮೂಲೆ ಸೇರಿತು, ಕೊಳವೆಬಾವಿ ಬಂದು ತೆರೆದ ಬಾವಿಯೇ ಬತ್ತಿತು. ಈಗ ಆಳ ಎಷ್ಟೋ ಕಡೆ ಸಾವಿರ ಅಡಿ ದಾಟಿದೆ. 20 ಅಡಿಯ ಪೈಪುಗಳಾದರೆ ಸಾವಿರ ಅಡಿಗೆ 50 ಬೇಕು. ಮೋಟರು, ಪೈಪು, ಒಳಗಿನ ನೀರು ಎಲ್ಲದರ ತೂಕ ತೂಗುವುದು ಮೇಲಿನ ಪೈಪಿನ ತಿರುಪಿನಿಂದ, ಕೆಳಗಿನ ಪೈಪಿಗೆ ಬೇರೆ ಪೈಪುಗಳ ತೂಕ ಬೀಳುವುದಿಲ್ಲ. ಕೆಟ್ಟ ಮೋಟರನ್ನು ಮೇಲೆತ್ತಲು ಮೂರು ಕಾಲಿನ ಕಂಬ ನೆಟ್ಟು ಚೈನ್ ಪುಲ್ಲಿ ಹಾಕಿದಾಗ, ಪ್ರತಿ ಪೈಪು ಬಿಚ್ಚಿದಂತೆಲ್ಲ ಸರಪಳಿ ಹಗುರಾಗುತ್ತ ಬರುತ್ತದೆ.