ಸೋರಿಯಾಸಿಸ್ ಜೈವಿಕ ಚಿಕಿತ್ಸೆಯ ಮುಂದುವರಿಕೆ

ಸೋರಿಯಾಸಿಸ್ ರೋಗಿಯು ಒಂದು ಜೈವಿಕ ಔಷಧವನ್ನು ಆರಂಭಿಸಿದ ದಿನದಿಂದ ಅದನ್ನು ನಿಲ್ಲಿಸುವ ಅಥವಾ ಬದಲಾಯಿಸುವ ದಿನದವರೆಗಿನ ಅವಧಿಯನ್ನು ಔಷಧ ಮುಂದುವರಿಕೆ ಅಥವಾ 'ಡ್ರಗ್ ಸರ್ವೈವಲ್' ಎಂದು ಕರೆಯಲಾಗುತ್ತದೆ. ಔಷಧದ ಪರಿಣಾಮ, ಸುರಕ್ಷತೆ ಮತ್ತು ರೋಗಿಯ ತೃಪ್ತಿಯನ್ನು ಒಟ್ಟಾಗಿ ಸೂಚಿಸುವ ಅಳತೆಗೋಲಾಗಿ ಇದನ್ನು ಬಳಸಲಾಗುತ್ತದೆ.

ಹಿನ್ನೆಲೆ

ಸೋರಿಯಾಸಿಸ್ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ದೀರ್ಘಕಾಲಿಕ ಚರ್ಮರೋಗ. ಇದನ್ನು ಹತೋಟಿಯಲ್ಲಿಡಬಹುದೇ ಹೊರತು ಸಂಪೂರ್ಣವಾಗಿ ಗುಣಪಡಿಸಲಾಗದು. ಆದ್ದರಿಂದ ಚಿಕಿತ್ಸೆ ಹಲವು ವರ್ಷ ನಡೆಯಬೇಕಾಗುತ್ತದೆ. ಔಷಧ ಪ್ರಯೋಗಗಳು ಆಯ್ದ ರೋಗಿಗಳ ಮೇಲೆ ಸೀಮಿತ ಅವಧಿಗೆ ನಡೆಯುವುದರಿಂದ, ದಿನನಿತ್ಯದ ಚಿಕಿತ್ಸೆಯಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಲು ರೋಗಿಗಳ ನೋಂದಣಿಗಳನ್ನು ಅವಲಂಬಿಸಲಾಗುತ್ತದೆ. ಬ್ರಿಟನ್ನಿನ 'ಬ್ಯಾಡ್‌ಬರ್' ಮತ್ತು ಡೆನ್ಮಾರ್ಕಿನ 'ಡರ್ಮ್‌ಬಯೊ' ಇವುಗಳಲ್ಲಿ ಪ್ರಮುಖವಾದವು.

ಅಳೆಯುವ ವಿಧಾನ

ಸಾಮಾನ್ಯವಾಗಿ ಕಾಪ್ಲಾನ್-ಮೇಯರ್ ವಿಧಾನದಿಂದ, ನಿರ್ದಿಷ್ಟ ಕಾಲದ ನಂತರವೂ ಅದೇ ಔಷಧದಲ್ಲಿ ಉಳಿದಿರುವವರ ಪ್ರಮಾಣವನ್ನು ಅಂದಾಜಿಸಲಾಗುತ್ತದೆ. ಇದು ಔಷಧಪಾಲನೆಗಿಂತ ಭಿನ್ನವಾದುದು. ಚುಚ್ಚುಮದ್ದನ್ನು ನಿಗದಿತ ದಿನದಂದು ತೆಗೆದುಕೊಳ್ಳುವುದು ಪಾಲನೆ. ಚಿಕಿತ್ಸೆಯನ್ನು ಕೈಬಿಡದೆ ಉಳಿಯುವುದು ಮುಂದುವರಿಕೆ.

ಅಧ್ಯಯನಗಳ ಫಲಿತಾಂಶ

ಬ್ಯಾಡ್‌ಬರ್ ನೋಂದಣಿಯನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವು ಮೊದಲ ಬಾರಿ ಜೈವಿಕ ಔಷಧ ಪಡೆದ 3,523 ರೋಗಿಗಳನ್ನು ಪರಿಶೀಲಿಸಿತು. ಮೊದಲ ವರ್ಷದ ಕೊನೆಗೆ ಶೇ. 77ರಷ್ಟಿದ್ದ ಮುಂದುವರಿಕೆ ಮೂರನೆಯ ವರ್ಷಕ್ಕೆ ಶೇ. 53ಕ್ಕೆ ಇಳಿಯಿತು. ಅಡಲಿಮುಮ್ಯಾಬ್‌ಗೆ ಹೋಲಿಸಿದರೆ ಉಸ್ಟೆಕಿನುಮ್ಯಾಬ್ ಪಡೆದವರು ಹೆಚ್ಚು ಕಾಲ ಮುಂದುವರಿದರು. ಎಟನರ್ಸೆಪ್ಟ್ ಮತ್ತು ಇನ್‌ಫ್ಲಿಕ್ಸಿಮ್ಯಾಬ್ ಪಡೆದವರು ಬೇಗ ನಿಲ್ಲಿಸಿದರು. ಮಹಿಳೆಯರು, ಧೂಮಪಾನಿಗಳು ಮತ್ತು ಆರಂಭದಲ್ಲಿ ರೋಗದಿಂದ ಜೀವನಮಟ್ಟ ಹೆಚ್ಚು ಬಾಧಿತವಾಗಿದ್ದವರಲ್ಲಿ ನಿಲ್ಲಿಸುವ ಸಂಭವ ಅಧಿಕವಾಗಿತ್ತು. ಸೋರಿಯಾಟಿಕ್ ಸಂಧಿವಾತವೂ ಇದ್ದವರು ಹೆಚ್ಚು ಕಾಲ ಮುಂದುವರಿದರು.

ನಿಲ್ಲಿಸಲು ಕಾರಣಗಳು

ಆರಂಭದಲ್ಲಿ ಗುಣ ಕಂಡು ಕ್ರಮೇಣ ಪರಿಣಾಮ ಕುಂದುವುದು ಪ್ರಮುಖ ಕಾರಣ. ಕೆಲವರ ದೇಹವು ಔಷಧದ ವಿರುದ್ಧವೇ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಅಡಲಿಮುಮ್ಯಾಬ್ ಮತ್ತು ಇನ್‌ಫ್ಲಿಕ್ಸಿಮ್ಯಾಬ್ ವಿಷಯದಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಅಡ್ಡಪರಿಣಾಮ, ಸೋಂಕು, ಗರ್ಭಧಾರಣೆಯ ಯೋಜನೆ, ಶಸ್ತ್ರಚಿಕಿತ್ಸೆ ಮತ್ತು ವೆಚ್ಚ ಇತರ ಕಾರಣಗಳು. ಅಧಿಕ ದೇಹತೂಕವೂ ಹಲವು ಅಧ್ಯಯನಗಳಲ್ಲಿ ಕಡಿಮೆ ಮುಂದುವರಿಕೆಯೊಂದಿಗೆ ಸಂಬಂಧ ಹೊಂದಿದೆ.

ಭಾರತದಲ್ಲಿ

ಬೆಂಗಳೂರಿನ ಬಯೋಕಾನ್ ಸಂಸ್ಥೆ ಅಭಿವೃದ್ಧಿಪಡಿಸಿದ ಇಟೊಲಿಜುಮ್ಯಾಬ್ 2013ರಲ್ಲಿ ಸೋರಿಯಾಸಿಸ್ ಚಿಕಿತ್ಸೆಗಾಗಿ ಭಾರತದಲ್ಲಿ ಬಿಡುಗಡೆಯಾಯಿತು. ದೇಶದಲ್ಲಿ ಚಿಕಿತ್ಸೆಯ ವೆಚ್ಚವನ್ನು ಬಹುಪಾಲು ರೋಗಿಗಳೇ ಭರಿಸಬೇಕಾಗಿರುವುದರಿಂದ, ಗುಣ ಕಂಡ ಮೇಲೂ ಔಷಧ ನಿಲ್ಲಿಸುವ ಸಂದರ್ಭಗಳು ಒದಗುತ್ತವೆ. ಟಿಎನ್‌ಎಫ್ ತಡೆಯುವ ಔಷಧಗಳು ಸುಪ್ತ ಕ್ಷಯರೋಗವನ್ನು ಮರಳಿ ಕೆರಳಿಸಬಹುದು. ಆದಕಾರಣ ಚಿಕಿತ್ಸೆಗೆ ಮುನ್ನ ಕ್ಷಯ ತಪಾಸಣೆ ಕಡ್ಡಾಯವೆಂದು ಪರಿಗಣಿಸಲಾಗಿದೆ.

ಮಿತಿಗಳು

ದೀರ್ಘ ಮುಂದುವರಿಕೆ ಯಾವಾಗಲೂ ಯಶಸ್ಸಿನ ಗುರುತಲ್ಲ. ಬೇರೆ ಔಷಧ ಲಭ್ಯವಿಲ್ಲದಿದ್ದಾಗ, ಭಾಗಶಃ ಮಾತ್ರ ಗುಣವಾದ ರೋಗಿಯೂ ಹಳೆಯದನ್ನೇ ಮುಂದುವರಿಸಬಹುದು. ಹೊಸ ಔಷಧಗಳು ಬಂದಂತೆ ಬದಲಾವಣೆ ಸುಲಭವಾಗಿ, ಹಳೆಯವುಗಳ ಮುಂದುವರಿಕೆ ಕಡಿಮೆಯಾಗಿ ಕಾಣಬಹುದು. ಹಿಂದೆ ಹಲವು ಔಷಧಗಳು ವಿಫಲವಾದವರಲ್ಲಿ ಹೊಸದರ ಮುಂದುವರಿಕೆಯೂ ಸಾಮಾನ್ಯವಾಗಿ ಕಡಿಮೆಯಿರುತ್ತದೆ. ಹೀಗಾಗಿ ಬೇರೆ ಬೇರೆ ಕಾಲ ಮತ್ತು ದೇಶಗಳ ಅಂಕಿಗಳನ್ನು ನೇರವಾಗಿ ಹೋಲಿಸುವುದು ಸೂಕ್ತವಲ್ಲ. ನಿಲ್ಲಿಸಿದ ಕಾರಣವನ್ನೂ ಜೊತೆಯಲ್ಲಿ ಪರಿಗಣಿಸಬೇಕಾಗುತ್ತದೆ.