ಮಂಜಿನ ಮರೆಯಲ್ಲಿ ಹೊರಟ 25 ಹಡಗುಗಳು

ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ ಬ್ರೆಸ್ಟ್ ಎಂಬ ಬಂದರಿದೆ. ಒಳಗೆ ಇಡೀ ನೌಕಾಪಡೆಯೇ ಲಂಗರು ಹಾಕಬಹುದಾದಷ್ಟು ವಿಶಾಲವಾದ ಕೊಲ್ಲಿ. ಹೊರಗೆ ಹೋಗಲು ಮಾತ್ರ ಒಂದೇ ಒಂದು ಇಕ್ಕಟ್ಟಾದ ಕಂಡಿ. ಅದನ್ನು ದಾಟಿದರೆ ಬಂಡೆಗಳ ಸಾಲು, ಅದರಾಚೆ ವೆಸಾಂ ದ್ವೀಪ, ಆಮೇಲೆ ಅಟ್ಲಾಂಟಿಕ್ ಸಾಗರ. ಇಂಗ್ಲೆಂಡಿನ ಹಡಗುಗಳು ವರ್ಷಗಟ್ಟಲೆ ಕಾವಲು ಕಾದದ್ದು ಈ ಬಾಗಿಲ ಮುಂದೆಯೇ.

ಸಮುದ್ರದಲ್ಲಿ ಕಾವಲು ಕಾಯುವುದು ಕೋಟೆಯ ಬಾಗಿಲಲ್ಲಿ ನಿಂತಂತಲ್ಲ. ಹಾಯಿಹಡಗು ಗಾಳಿಯ ಗುಲಾಮ. ಪಡುವಣ ಗಾಳಿ ಜೋರಾಗಿ ಬೀಸಿದರೆ ಕಾವಲಿನ ಹಡಗುಗಳು ದಡದ ಬಂಡೆಗಳಿಗೆ ಹೆದರಿ ದೂರ ಸರಿಯಬೇಕು. ಆದರೆ ಅದೇ ಗಾಳಿ ಒಳಗಿರುವವರನ್ನೂ ಹೊರಬರಗೊಡುವುದಿಲ್ಲ. ಅಪಾಯವಿರುವುದು ಮೂಡಣ ಗಾಳಿ ತಿರುಗಿದ ಮೊದಲ ಕೆಲವು ಗಂಟೆಗಳಲ್ಲಿ. ಅದಕ್ಕೆ ಮಂಜು ಕೂಡಿತೆಂದರೆ ಕಾವಲುಗಾರ ಕಣ್ಣಿದ್ದೂ ಕುರುಡ.

1799ರ ಏಪ್ರಿಲ್ ಕೊನೆಯಲ್ಲಿ ಆದದ್ದು ಅದೇ. ಬ್ರೆಸ್ಟ್‌ನೊಳಗೆ 25 ದೊಡ್ಡ ಯುದ್ಧನೌಕೆಗಳು ಸಿದ್ಧವಾಗಿ ನಿಂತಿದ್ದವು. ಅವುಗಳ ನಾಯಕ ಎತಿಯೆನ್ ಬ್ರುಯಿ, ಫ್ರಾನ್ಸಿನ ನೌಕಾ ಮಂತ್ರಿ. ಪ್ಯಾರಿಸಿನ ಕುರ್ಚಿ ಬಿಟ್ಟು ತಾನೇ ಬಂದು ಹಡಗು ಹತ್ತಿದ್ದ. ಹೊರಗಿದ್ದ ಇಂಗ್ಲಿಷ್ ನೌಕಾಧಿಪತಿ ಬ್ರಿಡ್‌ಪೋರ್ಟ್ ಬಳಿ 16 ನೌಕೆಗಳು. 25ರಂದು ಆತ ಬಂದರಿನೊಳಗೆ ಇಣುಕಿ, ಫ್ರೆಂಚರು ಹೊರಡುವ ತಯಾರಿಯಲ್ಲಿರುವುದನ್ನು ನೋಡಿಯೂ ಇದ್ದ. ನೋಡಿ ವೆಸಾಂ ಕಡೆಗೆ ದೂರ ಸರಿದ. ಬಾಗಿಲ ಮುಂದೆ ನಿಲ್ಲಬೇಕಾದವನು ಬೀದಿಯ ತುದಿಗೆ ಹೋದಂತಾಯಿತು. ಆ ಮಂಜಿನಲ್ಲಿ ಬ್ರುಯಿ ದಕ್ಷಿಣದ ರಾಜ್ ಜಲಮಾರ್ಗದಿಂದ ನುಸುಳಿಕೊಂಡ. ಕಾವಲಿನ ಒಂದು ಸಣ್ಣ ನೌಕೆಗೆ ಅವರ ಸುಳಿವು ಸಿಕ್ಕಿತ್ತಾದರೂ ಹೊತ್ತು ಮೀರಿತ್ತು. 27ರಂದು ಬ್ರಿಡ್‌ಪೋರ್ಟ್ ನೋಡಿದಾಗ ಗೂಡು ಬರಿದಾಗಿತ್ತು.

ಹೋದದ್ದೆಲ್ಲಿಗೆ? ಇಂಗ್ಲಿಷರ ಮನಸ್ಸು ಮೊದಲು ಓಡಿದ್ದು ಐರ್ಲೆಂಡಿಗೆ. 1796ರಲ್ಲಿ ಫ್ರೆಂಚರು ಇದೇ ಬ್ರೆಸ್ಟ್‌ನಿಂದ ಅಲ್ಲಿಗೆ ಹೋಗಿದ್ದರು. 1798ರಲ್ಲಿ ಸೈನ್ಯ ಇಳಿಸಿಯೂ ಇದ್ದರು. ಐರ್ಲೆಂಡಿನ ಹೆಸರಿದ್ದ ಕಾಗದಗಳಿದ್ದ ಒಂದು ಚಿಕ್ಕ ನಾವೆ ಸಿಕ್ಕಿಬಿದ್ದದ್ದು ಆ ಗುಮಾನಿಯನ್ನು ಇನ್ನಷ್ಟು ಬಲಪಡಿಸಿತು. ಬ್ರಿಡ್‌ಪೋರ್ಟ್ ಉತ್ತರಕ್ಕೆ ಓಡಿದ, ಬ್ರುಯಿ ದಕ್ಷಿಣಕ್ಕೆ.

ಮೇ 4ರಂದು ಫ್ರೆಂಚ್ ಹಡಗುಗಳು ಸ್ಪೇನಿನ ಕಾಡಿಸ್ ಬಂದರಿನ ಎದುರು ಕಾಣಿಸಿಕೊಂಡವು. ಒಳಗೆ ಫ್ರಾನ್ಸಿನ ಮಿತ್ರರಾದ ಸ್ಪೇನಿನವರ ನೌಕಾಪಡೆ. ಅದನ್ನು ತಡೆದು ನಿಂತವನು ಇಂಗ್ಲಿಷರ ಕೀತ್, 15 ನೌಕೆಗಳೊಂದಿಗೆ. ಒಳಗಿನವರೂ ಹೊರಗಿನವರೂ ಸೇರಿದ್ದರೆ ಕೀತ್ ಇಕ್ಕಳದಲ್ಲಿ ಸಿಕ್ಕಿಬೀಳುತ್ತಿದ್ದ. ಆದರೆ ದಡದ ಕಡೆಗೆ ನೂಕುವ ಬಿರುಗಾಳಿ ಬೀಸುತ್ತಿತ್ತು. ವರ್ಷಗಟ್ಟಲೆ ಬಂದರಿನಲ್ಲೇ ಕೊಳೆತ ಫ್ರೆಂಚ್ ನಾವಿಕರಿಗೆ ಅಂಥ ಗಾಳಿಯಲ್ಲಿ ಸಾಲು ಕಟ್ಟಿ ಯುದ್ಧ ಮಾಡುವ ಪಳಗಿಕೆ ಎಲ್ಲಿಂದ ಬರಬೇಕು? ದಿಗ್ಬಂಧನದ ನಿಜವಾದ ಪೆಟ್ಟು ಇದೇ. ಅದು ಹಡಗನ್ನು ತಡೆಯುವುದಕ್ಕಿಂತ ಹೆಚ್ಚಾಗಿ ನಾವಿಕನ ಕೈಯ ಕಸುಬನ್ನು ಕೊಲ್ಲುತ್ತದೆ. ಬ್ರುಯಿ ಕಾಳಗ ಬಿಟ್ಟು ಮುಂದೆ ಸಾಗಿದ. ಮರುದಿನ ಜಿಬ್ರಾಲ್ಟರ್ ಜಲಸಂಧಿ ದಾಟಿ ಮೆಡಿಟರೇನಿಯನ್ ಹೊಕ್ಕ.

ಈ ತಾರೀಖು ನಮ್ಮವರಿಗೆ ಬೇರೊಂದು ಕಾರಣಕ್ಕೆ ಗೊತ್ತು. 1799ರ ಮೇ 4ರಂದೇ ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಹೋರಾಡುತ್ತಾ ಮಡಿದದ್ದು. ಫ್ರೆಂಚರು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಮೈಸೂರು ಉಳಿಯುತ್ತಿತ್ತು ಎಂಬ ಮಾತು ನಮ್ಮಲ್ಲಿ ಈಗಲೂ ಬರುತ್ತದೆ. ಫ್ರಾನ್ಸಿನ ಅಷ್ಟು ದೊಡ್ಡ ನೌಕಾಪಡೆ ಅದೇ ದಿನ ಸಮುದ್ರದಲ್ಲಿತ್ತು ಎಂದು ತಿಳಿದರೆ ಯಾರಿಗಾದರೂ ಮನಸ್ಸು ಕಲಕಬೇಕು. ಆದರೆ ಆ ಹಡಗುಗಳ ದಾರಿಯಲ್ಲಿ ಮೈಸೂರು ಇರಲೇ ಇಲ್ಲ. ಮೆಡಿಟರೇನಿಯನ್ನಿನಿಂದ ಕೆಂಪು ಸಮುದ್ರಕ್ಕೆ ಆಗ ಕಾಲುವೆಯಿಲ್ಲ; ಈಜಿಪ್ಟ್ ಮುಟ್ಟಿದರೂ ಅಲ್ಲಿಂದ ಮುಂದೆ ಬೇರೆಯದೇ ನೌಕಾಪಡೆ ಬೇಕಿತ್ತು. ನೆಪೋಲಿಯನ್ ಬೊನಾಪಾರ್ಟೆ ಕೈರೋದಿಂದ ಜನವರಿ 25ರಂದು ಟಿಪ್ಪುವಿಗೆ ಬರೆದ ಪತ್ರವನ್ನು ನೋಡಿ. ಲೆಕ್ಕವಿಲ್ಲದಷ್ಟು ಸೈನ್ಯ ತಂದಿದ್ದೇನೆ, ಇಂಗ್ಲಿಷರ ನೊಗದಿಂದ ಬಿಡಿಸುತ್ತೇನೆ, ನಂಬಿಕಸ್ತನೊಬ್ಬನನ್ನು ಕಳುಹಿಸು ಎಂಬ ಧಾಟಿಯ ಪತ್ರವದು. ಅದು ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಅದಕ್ಕೂ ಮೊದಲು, 1798ರಲ್ಲಿ, ಮಾರಿಷಸ್ಸಿನಿಂದ ಮಂಗಳೂರಿಗೆ ಬಂದಿಳಿದ ಫ್ರೆಂಚ್ ಸ್ವಯಂಸೇವಕರು ನೂರು ಮಂದಿಯೂ ಇರಲಿಲ್ಲ. ಇಂಗ್ಲಿಷರಿಗೆ ಯುದ್ಧದ ನೆವಕ್ಕೆ ಅಷ್ಟೇ ಸಾಕಾಯಿತು.

ಹಾಗೆ ಪತ್ರ ಬರೆದ ಬೊನಾಪಾರ್ಟೆಯ ಸ್ಥಿತಿಯಾದರೂ ಏನಿತ್ತು? 1798ರ ಆಗಸ್ಟ್ 1ರಂದು ಅಬೂಕಿರ್ ಕೊಲ್ಲಿಯಲ್ಲಿ ನೆಲ್ಸನ್ ಅವನ 13 ದೊಡ್ಡ ನೌಕೆಗಳಲ್ಲಿ 11ನ್ನು ಸುಟ್ಟೋ ಹಿಡಿದೋ ಮುಗಿಸಿದ್ದ. ಅಕ್ಟೋಬರಿನಲ್ಲಿ ಕೈರೋದ ಜನ ದಂಗೆಯೆದ್ದಿದ್ದರು. ಬೊನಾಪಾರ್ಟೆಯ ಫೌಜು ಅದನ್ನು ರಕ್ತದಲ್ಲಿ ಅಡಗಿಸಿತ್ತು. ಬಿಡುಗಡೆ ಮಾಡಲು ಬಂದೆ ಎಂದವನು ಅಲ್ಲಿಯವರಿಗೆ ತೋರಿಸಿದ್ದು ಈ ಮುಖ. ಈಗ ಆತ ಅಕ್ಕಾದ ಕೋಟೆಯ ಮುಂದೆ ಜಝ್ಝಾರ್ ಪಾಷಾನೊಂದಿಗೆ ಸೆಣಸುತ್ತಿದ್ದ. ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ಸಮುದ್ರದಲ್ಲಿ ಇಂಗ್ಲಿಷರೇ ಕಸಿದಿದ್ದರು. ಮೇ 20ರಂದು ಮುತ್ತಿಗೆ ಬಿಟ್ಟು ಹಿಂದಿರುಗಿದ.

ಇತ್ತ ಬ್ರುಯಿಯ ಸುದ್ದಿ ಕೇಳಿ ಇಂಗ್ಲಿಷರ ಕಾವಲು ಸಡಿಲಾಯಿತು. ನೆಲ್ಸನ್ ಮಾಲ್ಟಾದ ಸುತ್ತ ಇಟ್ಟಿದ್ದ ಹಡಗುಗಳನ್ನೂ ಕರೆಸಿಕೊಂಡ. ಕೆಲವು ವಾರ ಪೂರ್ವದ ದಾರಿಯಲ್ಲಿ ತಡೆಯೇ ಹೆಚ್ಚಿರಲಿಲ್ಲ. ಬ್ರುಯಿ ಮಾಡಿದ್ದೇನು? ಮೇ ನಡುವಿನಲ್ಲಿ ತುಲಾಂ ಬಂದರು ಸೇರಿ ಹಡಗುಗಳ ರಿಪೇರಿಗೆ ಕೂತ. ಆಮೇಲೆ ಇಟಲಿಯ ಜಿನೋವಾ ಕಡೆಯ ಫ್ರೆಂಚ್ ಸೈನ್ಯಕ್ಕೆ ದವಸಧಾನ್ಯ ಮುಟ್ಟಿಸಿದ. ಬೊನಾಪಾರ್ಟೆಯನ್ನು ಕರೆತರುವ ಯೋಜನೆಗೆ ಪ್ಯಾರಿಸಿನ ಸರಕಾರ ಮೇ 26ರಂದು ಪತ್ರವನ್ನೂ ಬರೆಯಿತು. ನೌಕಾದಳ ಮಾತ್ರ ಈಜಿಪ್ಟಿನ ದಿಕ್ಕಿಗೆ ಮೂಗು ತಿರುಗಿಸಲಿಲ್ಲ. ಬ್ರುಯಿ ಹೇಡಿಯಾಗಿರಲಿಲ್ಲ, ಜಾಣನೇ. ಆದರೆ ತಪ್ಪಿಸಿಕೊಂಡು ಬಂದದ್ದೇ ಅವನ ಮಟ್ಟಿಗೆ ಗೆಲುವಾಗಿತ್ತು ಅನಿಸುತ್ತದೆ. ಆ ಗೆಲುವನ್ನು ಪಣಕ್ಕಿಡುವ ಧೈರ್ಯ ಬರಲಿಲ್ಲ. ಬೊನಾಪಾರ್ಟೆ ಇವನಿಗಾಗಿ ಕಾಯಲೂ ಇಲ್ಲ. ಆಗಸ್ಟಿನಲ್ಲಿ ಎರಡು ಚಿಕ್ಕ ಯುದ್ಧನೌಕೆಗಳಲ್ಲಿ ಕಳ್ಳನಂತೆ ಹೊರಟು, ಸೈನ್ಯವನ್ನು ಈಜಿಪ್ಟಿನಲ್ಲೇ ಬಿಟ್ಟು, ಅಕ್ಟೋಬರ್ 9ಕ್ಕೆ ಫ್ರಾನ್ಸ್ ಮುಟ್ಟಿದ.

ಸ್ಪೇನಿನವರ ಪಾಡು ಇನ್ನೂ ವಿಚಿತ್ರ. ಕೀತ್ ದೂರ ಹೋದಮೇಲೆ ಅವರ ನೌಕಾಪತಿ ಮಸರ್ರೇದೋ ಕಾಡಿಸ್ ಬಿಟ್ಟು ಹೊರಟ. ಬಿರುಗಾಳಿಗೆ ಸಿಕ್ಕಿ ಅನೇಕ ಹಡಗುಗಳ ಕೂವೆಮರ ಮುರಿದು ಹೇಗೋ ಕಾರ್ತಹೇನಾ ಬಂದರು ಸೇರಿದ. ಜೂನ್ ಕೊನೆಯ ಭಾಗದಲ್ಲಿ ಬ್ರುಯಿ ಅಲ್ಲಿಗೆ ಬಂದು ಅವರನ್ನು ಕೂಡಿಕೊಂಡ. ಸುಮಾರು 40 ಯುದ್ಧನೌಕೆಗಳು ಒಟ್ಟಾದವು. ಅಷ್ಟು ಬಲವಿದ್ದೂ ಎಲ್ಲಿಯೂ ಕಾಳಗವಿಲ್ಲ. ಜಿಬ್ರಾಲ್ಟರ್ ದಾಟಿ, ಕಾಡಿಸ್ ಮುಟ್ಟಿ, ಆಗಸ್ಟಿನಲ್ಲಿ ಎಲ್ಲರೂ ಬ್ರೆಸ್ಟ್‌ನ ಅದೇ ಕಂಡಿಯೊಳಗೆ ಹೊಕ್ಕರು. ಬೆನ್ನಟ್ಟಿ ಬಂದ ಕೀತ್ ಅಲ್ಲಿಗೆ ಮುಟ್ಟುವಷ್ಟರಲ್ಲಿ ಕೈಗೆ ಬಂದದ್ದು ತಪ್ಪಿತ್ತು.

ಇಂಗ್ಲಿಷರು ಮತ್ತೆ ಕಾವಲಿಗೆ ನಿಂತರು. ತಮ್ಮ ಊರಿಗೆ ಹೋಗಬೇಕಿದ್ದ ಸ್ಪೇನಿನ ಹಡಗುಗಳು ಒಳಗೇ ಉಳಿದವು. ಫ್ರಾನ್ಸಿಗೆ ಅವು ಅರ್ಧ ಮಿತ್ರರು, ಅರ್ಧ ಒತ್ತೆಯಾಳುಗಳು. ಅವುಗಳಲ್ಲಿ ಹೆಚ್ಚಿನವು ಎರಡು ವರ್ಷಕ್ಕೂ ಮಿಕ್ಕಿ ಅಲ್ಲೇ ಲಂಗರು ಹಾಕಿ ನಿಂತಿದ್ದವು.