ಮಲ್ಪೆಯ ದ್ವೀಪಗಳ ಪೂರ್ವವೃತ್ತಾಂತ

ಕೋಲಾರ ಸೀಮೆಗೆ ಸಮುದ್ರವಿಲ್ಲ. ಪಾಲಾರ್ ಹೊಳೆಯು ಈ ಜಿಲ್ಲೆಯನ್ನು ಹಾದು ಪೂರ್ವಸಮುದ್ರದ ಕಡೆಗೆ ಹೊರಟರೂ, ಅದರ ನೀರನ್ನು ಸಾಲುಸಾಲಾದ ಕೆರೆಗಳು ತಡೆದು ನಿಲ್ಲಿಸಿಕೊಳ್ಳುತ್ತವೆ. ಆದುದರಿಂದ ಮಾಲೂರು, ಶ್ರೀನಿವಾಸಪುರಗಳ ಜನರಿಗೆ ಕಡಲೆಂಬುದು ಯಾತ್ರೆಯ ನಡುವೆ ಕಾಣಸಿಗುವ ವಸ್ತುವಾಗಿಯೇ ಉಳಿದಿದೆ. ಮುಳಬಾಗಿಲಿನ ಹೊರಗೆ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನವುಂಟಷ್ಟೆ. ಆ ಮಠಕ್ಕೆ ನಡೆದುಕೊಳ್ಳುವ ಮನೆಗಳವರು ಉಡುಪಿಗೆ ಹೋದಾಗ, ಕೃಷ್ಣದರ್ಶನವಾದ ಮೇಲೆ ಮಲ್ಪೆಯ ತೀರಕ್ಕೂ ಹೋಗಿ, ವಡಭಾಂಡೇಶ್ವರದ ಬಲರಾಮನನ್ನು ಕಂಡು, ಕಡಲಸ್ನಾನ ಮಾಡುವುದುಂಟು. ಆಚಾರ್ಯ ಮಧ್ವರಿಗೆ ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣನ ಮೂರ್ತಿಯು ದೊರೆತದ್ದು ಇದೇ ತೀರದಲ್ಲೆಂದು ಸಂಪ್ರದಾಯವು ಹೇಳುತ್ತದೆ. ಆ ಮರಳಿನ ಮೇಲೆ ನಿಂತು ಪಡುವಣಕ್ಕೆ ದೃಷ್ಟಿ ಹಾಯಿಸಿದರೆ ನೀರಿನ ಅಂಚಿನಲ್ಲಿ ತೆಂಗಿನ ತಲೆಗಳು ತೋರುತ್ತವೆ.

ಅವು ಸೇಂಟ್ ಮೇರಿ ದ್ವೀಪಗಳು. ತೀರದಿಂದ ಸುಮಾರು ೬ ಕಿಲೋಮೀಟರು ದೂರ. ಆ ಕಡೆಯವರ ಮಾತಿನಲ್ಲಿ ತೋನ್ಸೆಪಾರ್ ಎಂಬ ಹೆಸರೂ ಇದೆ. ಗುಂಪಿನಲ್ಲಿ ಮುಖ್ಯವಾದವು ನಾಲ್ಕು. ಜನ ಹೆಚ್ಚಾಗಿ ನೋಡುವುದು ತೆಂಗಿನ ದ್ವೀಪವನ್ನು. ಅದರ ಉದ್ದ ಸುಮಾರು ೫೦೦ ಮೀಟರು, ಅಗಲ ೧೦೦ ಮೀಟರು. ಹಳ್ಳಿಯ ಒಂದು ದೊಡ್ಡ ಕೆರೆಯಂಗಳದಲ್ಲಿ ಅಡಗಿಹೋಗುವಷ್ಟೇ ನೆಲ. ಆದರೆ ಇದರ ಹೆಸರಿನ ಹಿಂದೆ ಇರುವ ಕಥೆಯು ಸಣ್ಣದಲ್ಲ, ಮತ್ತು ಅದನ್ನು ಸಾಮಾನ್ಯವಾಗಿ ಹೇಳುವ ಕ್ರಮವೂ ಸರಿಯಲ್ಲ.

ವಾಸ್ಕೊ ಡ ಗಾಮನು ೧೪೯೮ರಲ್ಲಿ ಪೋರ್ತುಗಾಲಿನಿಂದ ಬರುವಾಗ ಮೊದಲು ಇಲ್ಲಿಳಿದು, ಕಂಬ ನೆಟ್ಟು, ತರುವಾಯ ಕಲ್ಲಿಕೋಟೆಗೆ ಹೋದನೆಂದು ಪ್ರವಾಸಿಗಳಿಗೆ ಹೇಳುವುದುಂಟು. ಆ ಯಾನದಲ್ಲಿದ್ದವನೊಬ್ಬನು ಬರೆದಿಟ್ಟ ದಿನಚರಿಯು ಉಳಿದುಬಂದಿದೆ. ಬರೆದವನ ಹೆಸರು ಅದರಲ್ಲಿಲ್ಲ. ಅದರ ಪ್ರಕಾರ ನಡೆದದ್ದು ಹಿಂದುಮುಂದು. ಹಡಗುಗಳು ಮೇ ತಿಂಗಳಲ್ಲಿ ಕಲ್ಲಿಕೋಟೆಯನ್ನು ಮುಟ್ಟಿದವು. ಸಾಮೂದಿರಿಯೊಡನೆ ಮನಸ್ತಾಪ ಬೆಳೆದು, ವ್ಯಾಪಾರವೂ ಬೇಕಾದಂತೆ ಕೈಗೂಡದೆ, ಆಗಸ್ಟಿನ ಕೊನೆಯಲ್ಲಿ ಅಲ್ಲಿಂದ ಹೊರಟವು. ಉತ್ತರಕ್ಕೆ ಮರಳುವಾಗ, ಸೆಪ್ಟೆಂಬರು ೧೫ನೆಯ ತಾರೀಖು ಶನಿವಾರ, ನೆಲದಿಂದ ಎರಡು ಲೀಗು ದೂರದಲ್ಲಿ ಕೆಲವು ಸಣ್ಣ ದ್ವೀಪಗಳು ಎದುರಾದವು. ಈ ದೂರವು ನಿಜವಾದುದಕ್ಕಿಂತ ಹೆಚ್ಚೇ ಆಗುತ್ತದೆ. ಹಡಗಿನಿಂದ ಕಣ್ಣಳತೆಯಲ್ಲಿ ಹಿಡಿದದ್ದಿರಬೇಕು. ಆ ದ್ವೀಪಗಳು ಮಲ್ಪೆಯೆದುರಿನವೇ ಎಂದು ತಿಳಿದವರು ಗುರುತಿಸಿದ್ದಾರೆ.

ದೊರೆ ಮಾನುಯೆಲನು ಮೂರು ಕಲ್ಲುಗಂಬಗಳನ್ನು ನೆಡಬೇಕೆಂದು ಅಪ್ಪಣೆಮಾಡಿದ್ದನು. ಸ್ವದೇಶದಿಂದ ಹಡಗಿನಲ್ಲಿ ಹೇರಿಕೊಂಡು ಬಂದ ಕಂಬಗಳವು. ಒಂದು ಆಫ್ರಿಕದ ತೀರದಲ್ಲಿಯೂ ಒಂದು ಕಲ್ಲಿಕೋಟೆಯಲ್ಲಿಯೂ ಮುಗಿದು, ಸಾಂತ ಮರಿಯ ಎಂಬ ಹೆಸರಿನ ಮೂರನೆಯದು ಉಳಿದಿತ್ತು. ದ್ವೀಪದ ಬಳಿ ಮೀನುಗಾರರ ದೋಣಿಗಳು ಮೀನು ತಂದವು. ಗಾಮನು ಅವರಿಗೆ ಅಂಗಿಗಳನ್ನು ಕೊಟ್ಟು, ಇಲ್ಲಿ ಕಂಬ ನಿಲ್ಲಿಸಿದರೆ ನಿಮಗೆ ಸಂತೋಷವೇ ಎಂದು ಕೇಳಿದನಂತೆ. ಬಹಳ ಸಂತೋಷವೆಂದೂ, ಅದರಿಂದ ಪೋರ್ತುಗೀಸರೂ ತಮ್ಮಂತೆ ಕ್ರೈಸ್ತರೆಂಬುದು ಸ್ಥಿರಪಡುವುದೆಂದೂ ಅವರು ಉತ್ತರವಿತ್ತರೆಂದು ದಿನಚರಿಯಲ್ಲಿ ಬರೆದಿದೆ.

ಈ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು? ಗಾಮನ ಕಡೆಯ ದುಭಾಷಿಗೆ ಬರುತ್ತಿದ್ದುದು ಅರಬ್ಬಿ. ಮಲ್ಪೆಯ ಕಡಲಿನಲ್ಲಿ ಮೀನು ಹಿಡಿಯುವವರ ಮಾತು ತುಳು. ಇದೇ ಜನರು ಕೆಲವು ತಿಂಗಳ ಹಿಂದೆ ಕಲ್ಲಿಕೋಟೆಯ ದೇವಾಲಯವೊಂದನ್ನು ಇಗರ್ಜಿಯೆಂದು ತಿಳಿದು ಪ್ರಾರ್ಥನೆ ಸಲ್ಲಿಸಿದ್ದರು. ಅಂಗಿ ಪಡೆದ ಮೀನುಗಾರರು ತಲೆಯಾಡಿಸಿದ್ದಿರಬಹುದು. ತಲೆಯಾಡಿಸಿದ್ದಕ್ಕೆ ಅರ್ಥ ಹಚ್ಚಿದವರು ಅಂಗಿ ಕೊಟ್ಟವರು. ಅವರು ನಿಜವಾಗಿ ಏನೆಂದರೆಂಬುದನ್ನು ಅವರ ಬಾಯಿಂದ ಕೇಳಿ ಬರೆದಿಟ್ಟವರಿಲ್ಲ.

ಆಗ ಈ ಕರಾವಳಿಯು ವಿಜಯನಗರದ ಬಾರಕೂರು ರಾಜ್ಯಕ್ಕೆ ಸೇರಿತ್ತು. ರಾಜ್ಯವೆಂದರೆ ಅಂದಿನ ಮಾತಿನಲ್ಲಿ ಪ್ರಾಂತ. ಕೋಲಾರದ ಕಡೆಯ ಪ್ರಾಂತಕ್ಕೆ ಮುಳುವಾಯಿ ರಾಜ್ಯವೆಂದು ಹೆಸರು, ಮುಳಬಾಗಿಲೇ ಅದರ ಮುಖ್ಯ ಪಟ್ಟಣ. ಒಂದೇ ಸಿಂಹಾಸನಕ್ಕೆ ಕಪ್ಪ ಕಟ್ಟುತ್ತಿದ್ದ ನೆಲದ ಪಡುವಣ ಅಂಚಿನಲ್ಲಿ ಪರದೇಶದ ದೊರೆಯ ಗುರುತು ನಿಂತಿತು. ಹಡಗುಗಳೋ ಅಲ್ಲಿ ತಡೆಯದೆ, ಕೆಲವೇ ದಿನಗಳಲ್ಲಿ ಕಾರವಾರದ ಬಳಿಯ ಅಂಜದೀವವನ್ನು ಸೇರಿದವು.

ಆ ಕಂಬವು ಇಂದು ದ್ವೀಪದಲ್ಲಿಲ್ಲ. ಅದರ ಹೆಸರು ಮಾತ್ರ ನೆಲಕ್ಕೆ ಅಂಟಿಕೊಂಡಿದೆ. ಸಮೀಪದ ದರಿಯಾಬಹದ್ದೂರಗಡದಲ್ಲಿ ಬಿದನೂರಿನ ಬಸವಪ್ಪ ನಾಯಕನು ಕಟ್ಟಿಸಿದನೆಂದು ಹೇಳುವ ಕೋಟೆಯೂ ಪಾಳುಬಿದ್ದಿದೆ.

ಕಂಬ ನೆಡಲು ಬಂದವರ ಸುತ್ತಲೂ ಕಲ್ಲುಗಂಬಗಳೇ ಇದ್ದವೆಂಬುದು ಈ ವೃತ್ತಾಂತದಲ್ಲಿ ವಿಚಿತ್ರವಾದ ಸಂಗತಿ. ದ್ವೀಪದ ಬಂಡೆಯೆಲ್ಲ ಐದು, ಆರು, ಏಳು ಮುಖಗಳ ಕಂಬಗಳಾಗಿ ಸೀಳಿ ನಿಂತಿದೆ. ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದ ಮಣ್ಣು ಬಿರಿದು ಬಿಲ್ಲೆಬಿಲ್ಲೆಯಾಗುವುದನ್ನು ಕೋಲಾರದ ಮಕ್ಕಳೂ ಬಲ್ಲರು. ಕರಗಿ ಹರಿದ ಶಿಲಾರಸವು ಆರುವಾಗ ಹಾಗೆಯೇ ಕುಗ್ಗಿ ಬಿರಿಯುತ್ತದೆ. ತಂಪು ಒಳಕ್ಕಿಳಿದಂತೆ ಬಿರುಕೂ ಇಳಿದು, ಬಿಲ್ಲೆಯ ಬದಲು ಕಂಬವಾಗುತ್ತದೆ. ಇದನ್ನು ಬಸಾಲ್ಟ್ ಎಂದು ಕರೆಯುವುದು ರೂಢಿಯಾದರೂ, ಶಿಲಾಶಾಸ್ತ್ರದ ಪ್ರಕಾರ ಇದು ಸಿಲಿಕ ಹೆಚ್ಚಾಗಿರುವ ರಯೊಲೈಟ್ ಜಾತಿಯದು. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನೆಲವು ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಹೊರಬಂದದ್ದೆಂದು ಪಂಡಿತರು ನಿರ್ಣಯಿಸಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ೧೯೭೯ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು.

ಇಂತಹ ಸ್ಮಾರಕವೊಂದು ಕೋಲಾರ ಜಿಲ್ಲೆಯಲ್ಲಿಯೂ ಇದೆಯೆಂಬುದನ್ನು ಬಲ್ಲ ವಾಚಕರು ಎಷ್ಟು ಮಂದಿಯೋ! ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಕಡೆಯ ಮರಡಿಹಳ್ಳಿ, ಮಲ್ಪೆಯ ದ್ವೀಪ ಇವುಗಳ ಜೊತೆಗೆ ಚಿನ್ನದ ಗಣಿಗಳ ನೆರೆಯ ಪೆದ್ದಪಲ್ಲಿಯ ಬಂಡೆಗಳೂ ಅದೇ ಪಟ್ಟಿಯಲ್ಲಿವೆ. ಅಗ್ನಿಪರ್ವತವು ಎಸೆದ ಚೂರುಗಳು ಬೆಸೆದು ಆದ ಕಲ್ಲು ಒಂದು ಬಗೆ. ದಿಂಬುಗಲ್ಲು ಇನ್ನೊಂದು ಬಗೆ. ಶಿಲಾರಸವು ನೀರಿನಡಿಯಲ್ಲಿ ಉಕ್ಕಿದಾಗ ಹೊರಮೈ ತಟ್ಟನೆ ಗಟ್ಟಿಯಾಗಿ, ಒಳಗಿನ ರಸವು ಅದನ್ನೊಡೆದು ಮತ್ತೊಂದು ಉಂಡೆಯಾಗಿ, ಬಿಸಿ ಮುದ್ದೆಗಳನ್ನು ಒಂದರ ಮೇಲೊಂದು ಒತ್ತಿಟ್ಟಂತೆ ಕೂಡುತ್ತದೆ. ಆದುದರಿಂದ ದಿಂಬುಗಲ್ಲು ಇದ್ದ ಕಡೆ ಒಂದು ಕಾಲಕ್ಕೆ ನೀರು ನಿಂತಿತ್ತೆಂದೇ ಅರ್ಥ. ಸಮುದ್ರವಿಲ್ಲದ ಸೀಮೆಯ ಕಲ್ಲಿನಲ್ಲಿ ನೀರಿನ ಗುರುತು! ಕೋಲಾರದ ಈ ಶಿಲೆಗಳ ವಯಸ್ಸು ಸುಮಾರು ೨೭೦ ಕೋಟಿ ವರ್ಷ. ಮಲ್ಪೆಯ ಕಂಬಗಳಿಗಿಂತ ಮೂವತ್ತು ಪಟ್ಟು ಹಳೆಯವು. ಈ ಶಿಲಾಪಟ್ಟಿಯ ಚಿನ್ನಕ್ಕಾಗಿಯೇ ೧೮೮೦ರಿಂದ ಜಾನ್ ಟೇಲರ್ ಕಂಪೆನಿಯವರು ಗಣಿ ತೋಡಿಸಿದರು. ಆಳವು ೩ ಕಿಲೋಮೀಟರನ್ನು ಮೀರಿತು. ೨೦೦೧ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದವು. ಚಿನ್ನದ ಕಥೆಯನ್ನು ಎಲ್ಲರೂ ಬಲ್ಲರು, ಕಲ್ಲಿನ ಕಥೆಯನ್ನು ಕೇಳುವವರು ಕಡಮೆ.

ಅಂಡಮಾನಿನಲ್ಲಿ, ಆಗ ಪೋರ್ಟ್ ಬ್ಲೇರ್ ಎಂದು ಕರೆಯುತ್ತಿದ್ದ ಪಟ್ಟಣದ ಸಮೀಪದ ವಂಡೂರಿನಲ್ಲಿ ೧೯೮೩ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವು ಏರ್ಪಟ್ಟಿತು. ಅಲ್ಲಿ ಹವಳ, ಮೀನು, ನೀರು ಎಲ್ಲವೂ ವನ್ಯಜೀವಿಗಳ ಕಾನೂನಿನ ಆಶ್ರಯದಲ್ಲಿವೆ. ಮಲ್ಪೆಯ ದ್ವೀಪಕ್ಕೆ ೧೯೭೯ರಲ್ಲಿ ಸಂದ ಗೌರವವು ಕಲ್ಲಿಗೆ ಸಂದದ್ದು, ಸುತ್ತಲಿನ ನೀರಿಗಲ್ಲ. ಆ ಗೌರವವಾದರೂ ಇಲಾಖೆಯ ಘೋಷಣೆಯೇ ಹೊರತು, ಇಂತಹ ಕಲ್ಲುಗಳಿಗೆಂದೇ ಮಾಡಿದ ಕಾನೂನಿನಿಂದ ಬಂದದ್ದಲ್ಲ. ಭೂಪರಂಪರೆಯ ಸ್ಥಳಗಳ ರಕ್ಷಣೆಗಾಗಿ ಕೇಂದ್ರ ಸರ್ಕಾರವು ಕರಡು ಮಸೂದೆಯನ್ನು ಪ್ರಕಟಿಸಿದ್ದು ೨೦೨೨ರಲ್ಲಿ, ಎಂದರೆ ಘೋಷಣೆಯಾಗಿ ೪೩ ವರ್ಷಗಳಾದ ಮೇಲೆ. ಆನೆಯ ದಂತವನ್ನು ಕದ್ದವನಿಗೆ ಇರುವ ಭಯವು ಕಂಬದ ತುಂಡನ್ನು ಕಿತ್ತವನಿಗೆ ಇಲ್ಲ. ದಂತ ಹೋದರೂ ಮತ್ತೊಂದು ಆನೆ ಹುಟ್ಟೀತು. ಶಿಲೆಗೆ ಆ ಭಾಗ್ಯವಿಲ್ಲ.

ಮಳೆಗಾಲ ಹಿಡಿದೊಡನೆ ಮಲ್ಪೆಯಿಂದ ದ್ವೀಪಕ್ಕೆ ಹೋಗುವ ದೋಣಿಗಳು ನಿಲ್ಲುತ್ತವೆ. ಅಷ್ಟು ತಿಂಗಳು ಅಲ್ಲಿ ಅಲೆಗಳಿಗೂ ಕಂಬಗಳಿಗೂ ಮಾತ್ರ ವ್ಯವಹಾರ. ಪೆದ್ದಪಲ್ಲಿಗೆ ಹೋಗುವುದಕ್ಕೆ ಯಾವ ಋತುವಿನಲ್ಲಿಯೂ ದೋಣಿ ಬೇಕಿಲ್ಲ. ಕೋಲಾರದಿಂದ ಬೆಳಿಗ್ಗೆ ಹೊರಟವರು ಸಂಜೆಯೊಳಗೆ ಮನೆ ಸೇರಬಹುದು.